ನಳಿಗೆಯೊಳಗೊಂದು ಕೆರೆಯಂಗಳ

ನಮ್ಮ ಚಿಂತಾಮಣಿ ಕಡೆ ಬೋರ್‌ವೆಲ್‌ಗೆ ಕ್ಯಾಮೆರಾ ಇಳಿಸುವುದು ಈಗ ಹೊಸದೇನಲ್ಲ. ಸಾವಿರ, ಸಾವಿರದ ಇನ್ನೂರು ಅಡಿ ಕೊರೆಸಿರುತ್ತಾರೆ. ಒಂದು ದಿನ ಇದ್ದಕ್ಕಿದ್ದ ಹಾಗೆ ನೀರು ನಿಂತುಹೋಗುತ್ತದೆ. ಆಗ ಕೇಬಲ್ ಸುತ್ತಿದ ರಾಟೆ ಹೊತ್ತುಕೊಂಡು ಕ್ಯಾಮೆರಾದವರು ಬರುತ್ತಾರೆ. ಕೇಸಿಂಗ್ ಎಲ್ಲಿಗೆ ಮುಗಿದಿದೆ, ಬಂಡೆಯ ಯಾವ ಬಿರುಕಿನಿಂದ ನೀರು ಜಿನುಗುತ್ತಿದೆ, ನಡುವೆ ಕಲ್ಲೇನಾದರೂ ಸಿಕ್ಕಿಕೊಂಡಿದೆಯಾ ಅಂತ ಮನೆಮಂದಿಯೆಲ್ಲ ಪರದೆಯ ಸುತ್ತ ನಿಂತು ನೋಡುತ್ತಾರೆ. ನಮ್ಮ ತೋಟದಲ್ಲಿ ಹೀಗೆ ನೋಡುವಾಗ ಕ್ಯಾಮೆರಾದ ಹುಡುಗ ಹೇಳಿದ: "ಅಣ್ಣಾ, ನೇರ ಕೆಳಗೆ ನೋಡಿದ್ರೆ ದಾರಿ ಅಷ್ಟೇ ಕಾಣೋದು. ಗೋಡೆ ನೋಡ್ಬೇಕು ಅಂದ್ರೆ ಪಕ್ಕಕ್ಕೆ ತಿರುಗಿಸ್ಬೇಕು."

ಆ ಮಾತು ನನಗೆ ಅರ್ಥವಾದದ್ದು ದೊಡ್ಡಪ್ಪನ ರೈಫಲ್ ವಿಷಯದಲ್ಲಿ.

ಅವರ ಹತ್ತಿರ .315 ರೈಫಲ್ ಇದೆ. ಲೈಸೆನ್ಸ್ ಅವರ ಹೆಸರಿನಲ್ಲೇ. 2024ರ ಲೋಕಸಭಾ ಚುನಾವಣೆಗೆ ಮಾರ್ಚ್‌ನಲ್ಲಿ ನೀತಿ ಸಂಹಿತೆ ಬಂತು, ಎಲ್ಲರ ಹಾಗೆ ಅವರೂ ಬಂದೂಕು ಒಪ್ಪಿಸಿ ಬಂದರು. ಜೂನ್‌ನಲ್ಲಿ ವಾಪಸ್ ತಂದಾಗ ಮಳೆ ಹಿಡಿದಿತ್ತು. ಕೊಡುವ ಮುಂಚೆ ನಳಿಗೆಗೆ ಎಣ್ಣೆ ಪಟ್ಟಿ, ಅಂದರೆ ಎಣ್ಣೆ ಹಚ್ಚಿದ ಬಟ್ಟೆ ತುಂಡು, ಎಳೆದಿರಲಿಲ್ಲ, ಅದು ನಮ್ಮದೇ ತಪ್ಪು. ಮೂತಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಫಳಫಳ ಅನ್ನುತ್ತಿತ್ತು. ಆದರೆ ಹಾಗೆ ನೋಡಿದಾಗ ಎಂಥ ನಳಿಗೆಯೂ ಹೊಳೆಯುತ್ತದೆ. ಉದ್ದ ಕೊಳವೆಯಲ್ಲಿ ಬೆಳಕು ಗೋಡೆಗೆ ಸವರಿಕೊಂಡು ಬರುತ್ತದೆ, ಸಣ್ಣ ಗುಂಡಿಗಳು ಆ ಹೊಳಪಿನಲ್ಲಿ ಮರೆಯಾಗುತ್ತವೆ. ಬಿಸಿಲಲ್ಲಿ ದೂರದ ಡಾಂಬರು ರಸ್ತೆ ನೀರು ನಿಂತ ಹಾಗೆ ಹೊಳೆಯುತ್ತೆ, ಹತ್ತಿರ ಹೋದರೆ ಬರೀ ಜಲ್ಲಿ. ಹೆಚ್ಚುಕಡಿಮೆ ಹಾಗೇ.

ಸರಿ, ಬೋರ್‌ಸ್ಕೋಪ್ ತೆಗೆದುಕೊಳ್ಳೋಣ ಅಂದುಕೊಂಡೆ. ಕೊಳವೆಯೊಳಗೆ ತೂರಿಸಿ ನೋಡುವ ತೆಳ್ಳನೆಯ ಕ್ಯಾಮೆರಾ ಅದು. ಮೊದಲು ತರಿಸಿದ್ದು ಸಾವಿರ ಚಿಲ್ಲರೆ ರೂಪಾಯಿಯದು, ಗಾಡಿ ಇಂಜಿನ್, ಡ್ರೈನೇಜ್ ಪೈಪು ನೋಡುವಂಥದ್ದು. ಅದರ ತಲೆ 8 ಮಿಲಿಮೀಟರ್ ದಪ್ಪ. .315 ಅಂದರೆ ಇಂಚಿನ ಲೆಕ್ಕ, ಅದೂ 8 ಮಿಲಿಮೀಟರೇ. ಮೂತಿಯಲ್ಲೇ ನಿಂತುಬಿಟ್ಟಿತು. ಆಮೇಲೆ ಗೆಳೆಯನೊಬ್ಬನ 5.5 ಮಿಲಿಮೀಟರಿನದು ತಂದೆ. ಒಳಗೇನೋ ಹೋಯಿತು, ಆದರೆ ಕಂಡದ್ದು ಸುರಂಗ ಮಾತ್ರ. ಬೋರ್‌ವೆಲ್ ಹುಡುಗ ಹೇಳಿದ್ದು ಇದೇ ಅಲ್ವಾ!

ಹಾಗಾಗಿ ಕೊಳ್ಳುವವರು ಮೊದಲು ನೋಡಬೇಕಾದದ್ದು ಮೂರು ವಿಷಯ. ತಲೆಯ ದಪ್ಪ 5 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇರಲಿ; .22 ರೈಫಲ್‌ನ ಒಳಗಿನ ಅಗಲವೇ ಸುಮಾರು 5.5. ಸಾಮಾನ್ಯ ಏರ್ ರೈಫಲ್‌ನದು ಇನ್ನೂ ಚಿಕ್ಕದು, 4.5, ಅದಕ್ಕೆ 4ಕ್ಕಿಂತ ತೆಳ್ಳಗಿನದೇ ಬೇಕು. ಎರಡನೆಯದು, ತುದಿಯಲ್ಲಿ 45 ಡಿಗ್ರಿ ಓರೆಗೆ ಕೂರಿಸಿದ ಪುಟ್ಟ ಕನ್ನಡಿ. ಗೋಡೆಯನ್ನು ಎದುರುಬದುರು ತೋರಿಸುವುದು ಅದೇ. ಮೂರನೆಯದನ್ನು ಜಾಸ್ತಿ ಜನ ಗಮನಿಸುವುದಿಲ್ಲ: ಫೋಕಸ್ ದೂರ. ಸಾಮಾನ್ಯ ಪೈಪ್ ಕ್ಯಾಮೆರಾಕ್ಕೆ ಮೂರ್ನಾಲ್ಕು ಸೆಂಟಿಮೀಟರ್ ಆಚೆಯ ವಸ್ತು ಸ್ಪಷ್ಟ. ನಳಿಗೆಯ ಗೋಡೆ ಇರುವುದು ಎರಡು ಮೂರು ಮಿಲಿಮೀಟರ್ ದೂರದಲ್ಲಿ. ಪೆಟ್ಟಿಗೆಯ ಮೇಲೆ ಎಷ್ಟೇ ದೊಡ್ಡ ಮೆಗಾಪಿಕ್ಸೆಲ್ ಬರೆದಿದ್ದರೂ ಫೋಕಸ್ ಕೂರದಿದ್ದರೆ ಕಾಣುವುದು ಮಂಜು ಮಾತ್ರ.

ಇಷ್ಟು ಸಣ್ಣ ಕ್ಯಾಮೆರಾ ಬಂದದ್ದು ಇತ್ತೀಚೆಗೆ. ಮುಂಚೆ ಕೊಳವೆಯೊಳಗಿನ ಚಿತ್ರವನ್ನೇ ಹೊರಗೆ ಹೊತ್ತು ತರಬೇಕಿತ್ತು. ಕೂದಲಿನಂಥ ಗಾಜಿನ ಎಳೆಗಳ ಕಟ್ಟಿನಲ್ಲಿ ಚಿತ್ರ ಸಾಗಿಸಬಹುದು ಅಂತ 1954ರಲ್ಲಿ ಲಂಡನ್ನಿನಲ್ಲಿ ತೋರಿಸಿದವರು ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದ ನರಿಂದರ್ ಸಿಂಗ್ ಕಪಾನಿ. ಈಗ ಸೆನ್ಸರೇ ತುದಿಯಲ್ಲಿ ಕೂತಿರುತ್ತದೆ. ಹೊರಗೆ ಬರುವುದು ತಂತಿಯಲ್ಲಿ ಸಿಗ್ನಲ್ ಅಷ್ಟೇ.

ಕನ್ನಡಿಯದು ಬಂದ ದಿನ ಕೂತೆವು. ದೊಡ್ಡಪ್ಪ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ತೆಗೆದು, ತೋಟಾ ಇಲ್ಲ ಅಂತ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಂಡರು. ಬಂದೂಕು ಅವರ ಕೈಯಲ್ಲಿ, ಕ್ಯಾಮೆರಾ ನನ್ನ ಕೈಯಲ್ಲಿ. ಹಿಂಬದಿಯಿಂದ ತೂರಿಸಿದೆ.

ಮೊದಲು ಕಂಡದ್ದು ಸುರುಳಿ. ರೈಫಲ್ ನಳಿಗೆಯ ಒಳಗೆ ತೋಡುಗಳಿರುತ್ತವೆ, ತೋಡುಗಳ ನಡುವೆ ಏಣುಗಳು. ತೋಡಿನ ಆಳ ಜಾಸ್ತಿ ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ನಮ್ಮ ತಲೆಕೂದಲಿನ ದಪ್ಪಕ್ಕಿಂತ ತುಸು ಹೆಚ್ಚು. ಇಷ್ಟೇ ಇಷ್ಟು ಗೀರು ಗುಂಡನ್ನು ಬುಗುರಿಯ ಹಾಗೆ ತಿರುಗಿಸಿ ಕಳಿಸುತ್ತದೆ. .22 ರೈಫಲ್‌ನಲ್ಲಿ ಸುಮಾರು 40 ಸೆಂಟಿಮೀಟರಿಗೆ ಒಂದು ಸುತ್ತು. ಗುಂಡು ಸೆಕೆಂಡಿಗೆ 330 ಮೀಟರ್ ಓಡಿದರೆ, ಸೆಕೆಂಡಿಗೆ 800ಕ್ಕೂ ಜಾಸ್ತಿ ಸುತ್ತು ಆಯಿತು. ತಿರುಗುವ ಬುಗುರಿ ಬೀಳದ ಹಾಗೆ ಗುಂಡೂ ಗಾಳಿಯಲ್ಲಿ ಪಲ್ಟಿ ಹೊಡೆಯುವುದಿಲ್ಲ.

ಆಮೇಲೆ ಕಂಡದ್ದು ನೋಡಿ ದೊಡ್ಡಪ್ಪನ ಮುಖ ಸಣ್ಣಗಾಯಿತು. ತೋಟಾ ಕೂರುವ ಜಾಗ ದಾಟಿ, ತೋಡುಗಳು ಶುರುವಾಗುವ ಕಡೆ, ಉಕ್ಕೆಲ್ಲ ಬಿರುಕು ಬಿರುಕು. ಬೇಸಿಗೆಯಲ್ಲಿ ಒಣಗಿದ ನಮ್ಮ ಕೆರೆಯಂಗಳ ಹೇಗಿರುತ್ತೋ ಹಾಗೇ. ಚಕ್ಕೆ ಚಕ್ಕೆ, ನಡುವೆ ಕಪ್ಪು ಗೆರೆ.

ಈ ಹೋಲಿಕೆ ಸುಮ್ನೆ ಕಣ್ಣಿಗೆ ಕಂಡದ್ದಲ್ಲ, ಕಾರಣವೂ ಅಕ್ಕಪಕ್ಕದ್ದೇ. ಕೆರೆಯ ಮಣ್ಣು ಮೇಲಿನಿಂದ ಒಣಗುತ್ತದೆ. ಒಣಗಿದ ಪದರ ಕುಗ್ಗಲು ನೋಡುತ್ತದೆ, ಕೆಳಗಿನ ಹಸಿ ಮಣ್ಣು ಬಿಡುವುದಿಲ್ಲ. ಎಳೆದಾಟ ತಾಳದೆ ಮೇಲ್ಪದರ ಸೀಳುತ್ತದೆ. ನಳಿಗೆಯಲ್ಲಿ ನೀರಿನ ಬದಲು ಶಾಖ. ಮದ್ದು ಉರಿದಾಗ ಅನಿಲದ ಬಿಸಿ ಸುಮಾರು 2,500 ಡಿಗ್ರಿ ಸೆಲ್ಸಿಯಸ್. ಉಕ್ಕು ಕರಗುವುದೇ 1,500ರ ಹತ್ತಿರ. ಅಷ್ಟು ಬಿಸಿ ತಗಲುವುದು ಒಂದೆರಡು ಮಿಲಿಸೆಕೆಂಡ್ ಮಾತ್ರ, ಅದಕ್ಕೇ ನಳಿಗೆ ಉಳಿಯುತ್ತದೆ. ಆದರೆ ತೀರಾ ತೆಳುವಾದ ಮೇಲ್ಪದರ ಕಾದು ಹಿಗ್ಗಲು ಹೋಗುತ್ತದೆ. ಕೆಳಗಿನ ತಣ್ಣನೆ ಉಕ್ಕು ಅದನ್ನು ಅದುಮಿ ಹಿಡಿಯುತ್ತದೆ. ಮರುಕ್ಷಣ ಆರುವಾಗ ಪದರ ಕುಗ್ಗುತ್ತದೆ, ಆಗ ಎಳೆತ. ಪ್ರತಿ ಗುಂಡಿಗೂ ಹೀಗೇ ನಡೆದು ನಡೆದು ಬಿರುಕು ಬಿಡುತ್ತದೆ. ಚೆನ್ನಾಗಿ ಬಳಸಿದ ರೈಫಲ್‌ಗಳಲ್ಲಿ ಇದು ಮಾಮೂಲು. ಹೀಗಿದ್ದೂ ನೆಟ್ಟಗೆ ಹೊಡೆಯುವ ನಳಿಗೆಗಳು ಬೇಕಾದಷ್ಟಿವೆ.

ಅದಕ್ಕೇ ಹೇಳುವುದು, ಬೋರ್‌ಸ್ಕೋಪ್ ಕೊಂಡ ಮೊದಲ ದಿನ ಯಾವ ತೀರ್ಮಾನವನ್ನೂ ಮಾಡಬೇಡಿ. ಐದಾರು ಮಿಲಿಮೀಟರ್ ಜಾಗ ಫೋನಿನ ಪರದೆ ತುಂಬಿದರೆ 20 ಪಟ್ಟು ದೊಡ್ಡದಾಗಿ ಕಾಣುತ್ತದೆ. ಅಷ್ಟು ದೊಡ್ಡದು ಮಾಡಿದರೆ ಹೊಸ ನಳಿಗೆಯಲ್ಲೂ ಕೊರೆದ ಉಳಿಯ ಗೀರು ಎದ್ದು ಕಾಣುತ್ತದೆ. ಗಾಬರಿಯಾಗಿ ಉಜ್ಜಲು ಕೂತರೆ ಗುಂಡುಗಳು ಮಾಡದ ಕೆಡುಕನ್ನು ನಾವೇ ಮಾಡಿರುತ್ತೇವೆ.

ಕಣ್ಣೂ ಮೋಸ ಮಾಡುತ್ತದೆ. ಬೆಳಕು ಮೇಲಿಂದ ಬೀಳುತ್ತದೆ ಅಂತ ನಮ್ಮ ಮಿದುಳು ನಂಬಿಕೊಂಡಿದೆ, ಸೂರ್ಯ ಇರುವುದು ಅಲ್ಲೇ ತಾನೆ. ಕ್ಯಾಮೆರಾದ ದೀಪದ ಬೆಳಕು ಪರದೆಯಲ್ಲಿ ಕೆಳಗಿನಿಂದ ಬಂದ ಹಾಗಿದ್ದರೆ ಗುಂಡಿ ಉಬ್ಬಿನ ಹಾಗೆ, ಉಬ್ಬು ಗುಂಡಿಯ ಹಾಗೆ ಕಾಣುತ್ತದೆ. ಅನುಮಾನ ಬಂದರೆ ಚಿತ್ರ ಸೆರೆಹಿಡಿದು ಫೋನನ್ನು ತಲೆಕೆಳಗು ಮಾಡಿ ನೋಡಿ. ಉಬ್ಬಿದ್ದು ಕಣ್ಣೆದುರೇ ತಗ್ಗಾಗಿಬಿಡುತ್ತದೆ! ಖಚಿತವಾಗಬೇಕಾದರೆ ಶುಚಿ ಮಾಡಿ ಮತ್ತೆ ನೋಡಬೇಕು. ಅಂಟಿದ್ದು ಹೋಗುತ್ತದೆ, ಕೊರೆದದ್ದು ಉಳಿಯುತ್ತದೆ.

ನಮ್ಮದರಲ್ಲಿ ಎರಡೂ ಇದ್ದವು. ಏಣುಗಳ ಮೇಲೆ ತಾಮ್ರದ ಬಣ್ಣದ ಗೆರೆಗಳು, ಗುಂಡಿನ ಹೊದಿಕೆ ಸವರಿ ಹೋದದ್ದು. ಅಮೋನಿಯಾ ಇರುವ ದ್ರಾವಣದ ಬಟ್ಟೆ ಎಳೆದರೆ ನೀಲಿ ಬಂತು, ತಾಮ್ರ ಅಮೋನಿಯಾದ ಜೊತೆ ಸೇರಿದಾಗ ಬರುವ ನೀಲಿ. (ಕಂಚಿನ ಬ್ರಷ್ ಹಾಕಿದ್ದರೆ ಅದರಲ್ಲಿರುವ ತಾಮ್ರಕ್ಕೂ ನೀಲಿ ಬರುತ್ತದೆ, ನಳಿಗೆ ಇನ್ನೂ ಕೊಳೆ ಅಂತ ಉಜ್ಜುತ್ತಲೇ ಇರಬೇಡಿ.) ತಾಮ್ರ ಹೋದ ಮೇಲೂ ಒಂದು ಚುಕ್ಕೆ ಹೋಗಲಿಲ್ಲ. ಮೂತಿಯಿಂದ 18 ಸೆಂಟಿಮೀಟರ್ ಒಳಗೆ, ಗಡಿಯಾರದ 4ರ ದಿಕ್ಕಿನಲ್ಲಿ, ತೋಡಿನ ತಳದಲ್ಲಿ ಗಸಗಸೆ ಕಾಳಿಗಿಂತ ಸಣ್ಣ ತುಕ್ಕಿನ ಗುಂಡಿ.

ತುಕ್ಕಿನ ಮೂಲ ಬರೀ ಮಳೆಗಾಲದ ತೇವ ಅಂತ ತಿಳಿಯಬೇಡಿ. ಹಳೆಯ ಕಾಲದ ಎಷ್ಟೋ ತೋಟಾಗಳ ಕ್ಯಾಪಿನಲ್ಲಿ (ಮದ್ದಿಗೆ ಕಿಡಿ ಹಚ್ಚುವ ಬುಡದ ಭಾಗ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸಿಡಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ಗೋಡೆಗೆ ಕೂರುತ್ತದೆ. ಇದು ಅಡುಗೆ ಉಪ್ಪಿನ ದಾಯಾದಿ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರೊಡೆಯುವ ಹಾಗೆ ಇದೂ ಗಾಳಿಯ ತೇವ ಹೀರುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಬರೀ ಎಣ್ಣೆ ಹಚ್ಚಿದರೆ ಉಪ್ಪಿನ ಮೇಲೆ ಎಣ್ಣೆ ಕೂತಿರುತ್ತದೆ, ಕೆಳಗೆ ತುಕ್ಕು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಹಳಬರು ನಳಿಗೆಗೆ ಬಿಸಿನೀರು ಹೊಯ್ಯುತ್ತಿದ್ದದ್ದು ಇದಕ್ಕೇ. ನೀರು, ಪೂರ್ತಿ ಒಣಗಿಸುವುದು, ಆಮೇಲೆ ಎಣ್ಣೆ. ಕಪ್ಪು ಮದ್ದಿನ ನಾಡಬಂದೂಕಿಗೂ ಇದೇ ಕ್ರಮ.

ಗುಂಡಿ ಇದೆ ಅಂತ ನಳಿಗೆ ಬದಲಿಸಬೇಕಾ? ರೈಫಲ್ ಕ್ಲಬ್ಬಿನ ರೇಂಜ್‌ನಲ್ಲಿ ದೊಡ್ಡಪ್ಪ ಕಾಗದಕ್ಕೆ ಐದು ಗುಂಡು ಹೊಡೆದರು. ಐದೂ ಮೊದಲಿನಷ್ಟೇ ಹತ್ತಿರ ಹತ್ತಿರ ಬಿದ್ದವು. ನನಗೆ ಆ ಕಾಗದ ಸಾಕಾಯಿತು. ಕ್ಯಾಮೆರಾದ ಉಪಯೋಗ ಬೇರೆ ಕಡೆ ಇದೆ. ಗುಂಡಿ ಬೆಳೆಯುತ್ತಿದೆಯಾ ಅಂತ ಹೇಳಬಲ್ಲದ್ದು ಅದೊಂದೇ. ಕ್ಯಾಮೆರಾದ ಕಡ್ಡಿಗೆ ಸೆಂಟಿಮೀಟರ್ ಗುರುತಿನ ಟೇಪು ಸುತ್ತಿದೆ. ಫೋಟೋದ ಜೊತೆ ದೂರ, ದಿಕ್ಕು, ತಾರೀಕು ಬರೆದಿಟ್ಟೆ.

ಮರುವರ್ಷ ಆಯುಧಪೂಜೆಯ ಮಾರನೇ ದಿನ ಮತ್ತೆ ತೂರಿಸಿದೆ. ಮೂತಿಯ ಅಂಚಿನಲ್ಲಿ ಕುಂಕುಮದ ಒಂದು ಕಣ ಕೆಂಡದುಂಡೆಯ ಹಾಗೆ ಕೂತಿತ್ತು. ಗುಂಡು ಕೊನೆಯದಾಗಿ ಮುಟ್ಟಿ ಹೋಗುವ ಅಂಚದು. ಅಲ್ಲಿ ಒಂದು ಕಡೆ ತಡೆಯಿದ್ದರೆ ಅನಿಲ ಇನ್ನೊಂದು ಕಡೆಯಿಂದ ಜಾಸ್ತಿ ನುಗ್ಗಿ ಗುಂಡನ್ನು ತಳ್ಳಬಹುದು. ಮೆತ್ತನೆ ಬಟ್ಟೆಯಿಂದ ಒರೆಸಿದೆವು. ಆಮೇಲೆ 18 ಸೆಂಟಿಮೀಟರ್, 4ರ ದಿಕ್ಕು. ಎರಡು ವರ್ಷದ ಎರಡು ಫೋಟೋ ಪಕ್ಕಪಕ್ಕ ಇಟ್ಟು ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ತುಂಬಾ ಹೊತ್ತು ನೋಡಿದರು. ಗುಂಡಿ ಅಷ್ಟೇ ಇತ್ತು. "ಎಣ್ಣೆ ಪಟ್ಟಿ ಕೊಡು" ಅಂದರು.