ಗೋಕುವಿಗೆ ದನಿ ಕೊಡುವುದು ನಿಜಕ್ಕೂ ಒಬ್ಬ ಅಜ್ಜಿಯೇ?

ಪ್ರಶ್ನೆ: ಡ್ರ್ಯಾಗನ್ ಬಾಲ್ ಎಂಬ ಕಾರ್ಟೂನ್ ಧಾರಾವಾಹಿಯ ಜಪಾನಿ ಅವತರಣಿಕೆಯಲ್ಲಿ ಅದರ ನಾಯಕ ಗೋಕುವಿಗೆ ಕಂಠದಾನ ಮಾಡಿದವರು ಎಂಬತ್ತು ದಾಟಿದ ಮಹಿಳೆಯಂತೆ. ಹೌದೇ? ಕಂಪ್ಯೂಟರ್‌ನಲ್ಲಿ ದನಿ ಬದಲಿಸುತ್ತಾರೆಯೇ?

ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ. ಎಷ್ಟು ಸಲ ಹೇಳಿದರೂ ಈ ಎರಡನೆಯ ಪ್ರಶ್ನೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಬಿಡಿಸಿಯೇ ಹೇಳಬೇಕು.

ಅವರ ಹೆಸರು ಮಸಾಕೊ ನೊಜಾವಾ. ಹುಟ್ಟಿದ್ದು 1936ರಲ್ಲಿ, ಟೋಕಿಯೊದಲ್ಲಿ. ಮೂರನೇ ವಯಸ್ಸಿಗೇ ಸಿನಿಮಾದಲ್ಲಿ ಬಾಲನಟಿ, ಆಮೇಲೆ ರಂಗಭೂಮಿ, ಅಲ್ಲಿಂದ ಟೆಲಿವಿಷನ್ ಮತ್ತು ಕಂಠದಾನ. 1968ರಲ್ಲಿ ಕಿತಾರೊ, 1978ರಲ್ಲಿ ತೆತ್ಸುರೊ, 1986ರಲ್ಲಿ ಬಾಲಕ ಗೋಕು. ಇವರೆಲ್ಲ ಕಾರ್ಟೂನ್ ಧಾರಾವಾಹಿಗಳ ನಾಯಕರು, ಎಲ್ಲರೂ ಹುಡುಗರೇ. 1973ರ ಮೊದಲ ಡೋರೇಮಾನ್ ಸರಣಿಯ ಉತ್ತರಾರ್ಧದಲ್ಲಿ ಡೋರೇಮಾನ್‌ಗೂ ಅವರದೇ ದನಿ. 1989ರಲ್ಲಿ ಕಥೆಯಲ್ಲಿ ಗೋಕು ಬೆಳೆದು ತಂದೆಯಾದ. ಆಗಲೂ ದನಿ ಬದಲಾಗಲಿಲ್ಲ. ಅವನ ಮಕ್ಕಳಾದ ಗೋಹಾನ್, ಗೋತೆನ್, ಅವನ ಅಪ್ಪ ಬಾರ್ಡಾಕ್, ಇವರಿಗೂ ದನಿ ಅವರದೇ.

ಈಗ ಯಂತ್ರದ ಮಾತು. ದನಿಯಲ್ಲಿ ಎರಡು ಸಂಗತಿಗಳಿವೆ. ಒಂದು ಶ್ರುತಿ, ಇನ್ನೊಂದು ನಾದದ ಬಣ್ಣ. ಶ್ರುತಿ ಹುಟ್ಟುವುದು ಧ್ವನಿತಂತುಗಳ ಕಂಪನದಿಂದ. ಮಾತಾಡುವಾಗ ಗಂಡಸರದು ಸೆಕೆಂಡಿಗೆ ಸುಮಾರು 120 ಕಂಪನ, ಹೆಂಗಸರದು ಸುಮಾರು 200, ಕಂಠ ಒಡೆಯದ ಹುಡುಗನದು ಅದಕ್ಕೂ ತುಸು ಮೇಲೆ. ಬಣ್ಣ ಬರುವುದು ಗಂಟಲು ಮತ್ತು ಬಾಯಿಯ ಪೊಳ್ಳಿನ ಅಳತೆಯಿಂದ. ಗಾಯಕ ಹಾರ್ಮೋನಿಯಂನ ಒಂದನೇ ಮನೆ ಬಿಟ್ಟು ಐದನೇ ಮನೆಗೆ ಶ್ರುತಿ ಏರಿಸಿದರೆ ಗಾಯಕಿಯಾಗಿ ಕೇಳಿಸುತ್ತಾನೆಯೇ? ಇಲ್ಲ, ಏಕೆಂದರೆ ಶ್ರುತಿ ಏರಿದರೂ ಬಾಯಿ ಗಂಟಲುಗಳ ಅಳತೆ ಹಾಗೇ ಇರುತ್ತದೆ.

ಹಳೆಯ ಯಂತ್ರಗಳಿಗೆ ಈ ಎರಡನ್ನು ಬೇರೆ ಮಾಡುವುದು ಗೊತ್ತಿರಲಿಲ್ಲ. ಟೇಪನ್ನು ನಿಧಾನವಾಗಿ ಓಡಿಸಿ ರೆಕಾರ್ಡ್ ಮಾಡಿ, ಮಾಮೂಲಿ ವೇಗದಲ್ಲಿ ಕೇಳಿಸಿದರೆ ಶ್ರುತಿ, ಬಣ್ಣ ಎರಡೂ ಒಟ್ಟಿಗೆ ಏರುತ್ತವೆ. ಅಮೆರಿಕದಲ್ಲಿ 1958ರಲ್ಲಿ ಚಿಪ್‌ಮಂಕ್ ಅಳಿಲುಗಳ ಹಾಡು ಹುಟ್ಟಿದ್ದೇ ಹೀಗೆ. ಅದು ಅಳಿಲಿನ ದನಿಯಾಗಿಯೇ ಕೇಳಿಸುತ್ತದೆ, ಹುಡುಗನ ದನಿಯಾಗಿ ಅಲ್ಲ. ಈಗಿನ ಸಾಫ್ಟ್‌ವೇರ್ ಎರಡನ್ನೂ ಬೇರೆಬೇರೆಯಾಗಿ ಹಿಡಿಯಬಲ್ಲದು. ಆದರೆ ಅದು ಮೊದಲು ಶ್ರುತಿ ಎಲ್ಲಿದೆ ಎಂದು ಹುಡುಕಬೇಕು. ಗೋಕುವಿನ ಕಿರುಚಾಟದಲ್ಲಿ, ಏದುಸಿರಿನಲ್ಲಿ, ಪೆಟ್ಟು ತಿಂದಾಗಿನ ಮುಲುಕಿನಲ್ಲಿ ನಿಲ್ಲುವ ಶ್ರುತಿ ಇರುವುದೇ ಇಲ್ಲ. ಯಂತ್ರ ಅಲ್ಲಿ ತಡವರಿಸುತ್ತದೆ, ದನಿಗೆ ತಗಡಿನ ಸದ್ದು ಹತ್ತಿಕೊಳ್ಳುತ್ತದೆ. ಅಂಥ ಸದ್ದೇ ಅರ್ಧಕ್ಕರ್ಧ ತುಂಬಿರುವ ಧಾರಾವಾಹಿ ಇದು.

ಕೆಲಸದ ಕ್ರಮ ನೋಡಿದರೂ ಸಾಕು. ಜಪಾನಿನಲ್ಲಿ ಚಿತ್ರ ಮೊದಲು, ದನಿ ಆಮೇಲೆ. ಇದಕ್ಕೆ ಅಲ್ಲಿ ಅಫುರೆಕೊ ಎನ್ನುತ್ತಾರೆ. ಕಲಾವಿದರೆಲ್ಲ ಒಂದೇ ಕೋಣೆಯಲ್ಲಿ ಸೇರುವುದು ಅಲ್ಲಿನ ರೂಢಿ. ಮೈಕು ಮೂರೋ ನಾಲ್ಕೋ, ಜನ ಅದಕ್ಕಿಂತ ಹೆಚ್ಚು. ಎಡಗೈಯಲ್ಲಿ ಸ್ಕ್ರಿಪ್ಟ್, ಕಣ್ಣು ಪರದೆಯ ಮೇಲೆ. ತಮ್ಮ ಸರದಿಗೆ ಹೆಜ್ಜೆ ಸದ್ದಾಗದಂತೆ ಮೈಕಿಗೆ ಬಂದು, ತುಟಿಗೆ ಸರಿಯಾಗಿ ಮಾತು ಕೂಡಿಸಿ, ಹಿಂದೆ ಸರಿಯಬೇಕು. ಹಾಳೆ ಮಗುಚಿದ ಸದ್ದು ಬಂದರೂ ಟೇಕ್ ಹೋಯಿತು. ಗೋಕು, ಗೋಹಾನ್, ಗೋತೆನ್ ಒಂದೇ ದೃಶ್ಯದಲ್ಲಿ ಮಾತಾಡುವಾಗಲೂ ನೊಜಾವಾ ಒಬ್ಬರೇ ಸಾಲಾಗಿ ಮೂವರಾಗುತ್ತಾರೆ. ಅಪ್ಪನ ಮಾತು ಎದೆಯಿಂದ, ಕಿರಿಯವನ ಮಾತು ಬಾಯಿಯ ಮುಂಭಾಗದಿಂದ, ಉಸಿರಿನ ಗಾತ್ರವೂ ಬೇರೆ. ಇದನ್ನು ಯಂತ್ರದ ಲೆಕ್ಕಕ್ಕೆ ಬರೆದರೆ ಎಂಬತ್ತು ವರ್ಷದ ಅಭಿನಯಕ್ಕೆ ಅನ್ಯಾಯವಾಗುತ್ತದೆ. 2023ರಲ್ಲಿ ಜಪಾನ್ ಸರ್ಕಾರ ಅವರನ್ನು ಸಂಸ್ಕೃತಿ ಸಾಧಕರ ಪಟ್ಟಿಗೆ ಸೇರಿಸಿತು. ಕಂಠದಾನ ಕಲಾವಿದರಲ್ಲಿ ಆ ಗೌರವ ಮೊದಲು ಸಂದದ್ದು ಅವರಿಗೆ.

ಹುಡುಗನ ಪಾತ್ರಕ್ಕೆ ಹುಡುಗನನ್ನೇ ಏಕೆ ಕರೆಯಲಿಲ್ಲ? ಜಪಾನಿನಲ್ಲಿ ಟಿವಿಯ ಆರಂಭದ ದಿನಗಳಲ್ಲಿ ವಿದೇಶಿ ಧಾರಾವಾಹಿಗಳಿಗೆ ನೇರಪ್ರಸಾರದಲ್ಲೇ ದನಿ ಕೂಡಿಸುತ್ತಿದ್ದರು. ಒಂದು ಮಾತು ತಪ್ಪಿದರೆ ತಪ್ಪಿದ್ದೇ. ಮಕ್ಕಳನ್ನು ರಾತ್ರಿ ಹೊತ್ತು ದುಡಿಸುವಂತೆಯೂ ಇರಲಿಲ್ಲ. ಹಾಗಾಗಿ ಹುಡುಗರ ಪಾತ್ರ ಹೆಣ್ಣುಮಕ್ಕಳ ಪಾಲಿಗೆ ಬಂತು. ಮತ್ತೆ, ಹನ್ನೆರಡು ಹದಿಮೂರಕ್ಕೆ ಹುಡುಗನ ಕಂಠ ಒಡೆಯುತ್ತದೆ. ಅಮೆರಿಕದಲ್ಲಿ ಚಾರ್ಲಿ ಬ್ರೌನ್‌ಗೆ 1965ರಿಂದ ನಿಜವಾದ ಮಕ್ಕಳನ್ನೇ ಬಳಸಿದರು, ಪರಿಣಾಮವಾಗಿ ಕೆಲವು ವರ್ಷಕ್ಕೊಮ್ಮೆ ಹೊಸ ಹುಡುಗನನ್ನು ಹುಡುಕಬೇಕಾಯಿತು. ಅಲ್ಲಿ ಆ ಹಸಿ ದನಿಯೇ ಚೆಂದ, ಒಪ್ಪುತ್ತೇನೆ. ಆದರೆ ದಶಕಗಟ್ಟಲೆ ವಾರವಾರ ಓಡುವ ಸರಣಿಗೆ ಅದು ಒಗ್ಗುವುದಿಲ್ಲ.

ಯಾರೂ ಕೇಳದಿದ್ದರೂ ಒಂದು ಮಾತು, ಮನೆಯಲ್ಲಿ ಗೋಕುವಿನಂತೆ ಅವನ ಹೋರಾಟದ ಕೂಗು ‘ಕಾಮೆಹಾಮೆಹಾ’ ಕೂಗುವ ಮಕ್ಕಳಿರುವವರಿಗೆ. ಗಂಟಲು ಬಿಗಿದು ಕಿರುಚಿದರೆ ಧ್ವನಿತಂತುಗಳು ಒಂದಕ್ಕೊಂದು ಬಡಿದು ಬಾಯುತ್ತವೆ, ದಿನವೂ ಹಾಗೆ ಮಾಡಿದರೆ ಗಂಟು ಕಟ್ಟುತ್ತವೆ. ಹೊಟ್ಟೆಯಿಂದ ಉಸಿರು ತಳ್ಳಬೇಕು, ದವಡೆ ಸಡಿಲವಿರಬೇಕು. ರೆಕಾರ್ಡ್ ಮಾಡುವುದಿದ್ದರೆ ಮಾತಿಗೆ ಮೈಕಿನಿಂದ ಒಂದು ಗೇಣು, ಕೂಗಿಗೆ ಒಂದು ಮೊಳ ಹಿಂದೆ ಸರಿದು ಮುಖ ಸ್ವಲ್ಪ ಓರೆ ಮಾಡಬೇಕು. ಕೂಗುಗಳನ್ನೆಲ್ಲ ಕೊನೆಗೆ ಇಟ್ಟುಕೊಳ್ಳಬೇಕು, ಮೊದಲೇ ಕೂಗಿದರೆ ಉಳಿದ ಮಾತೆಲ್ಲ ಗೊಗ್ಗರು. ಕಂಠ ಒಡೆಯುತ್ತಿರುವ ಹುಡುಗನಿಗಂತೂ ಆ ಕೆಲವು ತಿಂಗಳು ಕೂಗಿನ ಅಭ್ಯಾಸ ಬೇಡವೇ ಬೇಡ. ದನಿ ಕಟ್ಟಿ ಎರಡು ಮೂರು ವಾರವಾದರೂ ಬಿಡದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ.