ಚೌಕಾಸಿ ಮಾಡದ ಗಿರಾಕಿ

ಗವಿಮಠದ ಜಾತ್ರೆ ಹತ್ತಿರ ಬಂತೆಂದರೆ ಕೊಪ್ಪಳದ ಸುತ್ತಲಿನ ಸಂಘಗಳವರು ಮಳಿಗೆಯ ವಿಚಾರ ಕೇಳಲು ನನ್ನ ಬಳಿ ಬರುತ್ತಾರೆ. ಫಲಕ ಆಗಲೇ ಬರೆಸಿಕೊಂಡಿರುತ್ತಾರೆ: ‘ಅಂಗವಿಕಲರು ಮಾಡಿದ ಗೊಂಬೆಗಳು, ಕೊಂಡು ನೆರವಾಗಿ.’ ಇದೇ ಜಿಲ್ಲೆಯ ಕಿನ್ನಾಳದ ಬಣ್ಣದ ಮರದ ಗೊಂಬೆಗಳನ್ನು ಹದಿನೈದು ವರ್ಷಗಳಿಂದ ಮಾರುತ್ತಿರುವ ನಾನು ಪ್ರತಿ ಸಲವೂ ಹೇಳುವುದು ಒಂದೇ: ಮೊದಲು ಆ ಫಲಕವನ್ನು ಇಳಿಸಿ.

“ಫಲಕವಿದ್ದರೆ ಮಾರಾಟ ಹೆಚ್ಚುತ್ತದಲ್ಲ ಸರ್?” ಎನ್ನುತ್ತಾರೆ. ಮೊದಲ ದಿನ ಹೆಚ್ಚುತ್ತದೆ, ಒಪ್ಪುತ್ತೇನೆ. ಆದರೆ ಕೊಳ್ಳುವವರ ಕೈಗಳನ್ನು ಗಮನಿಸಿ. ಫಲಕ ಓದಿ ಬಂದವರು ಎಲ್ಲಕ್ಕಿಂತ ಅಗ್ಗದ ಗೊಂಬೆಯನ್ನು ಎತ್ತಿಕೊಳ್ಳುತ್ತಾರೆ, ಚೌಕಾಸಿ ಮಾಡುವುದಿಲ್ಲ, ಚಿಲ್ಲರೆಯನ್ನೂ ಬಿಟ್ಟು ಹೋಗುತ್ತಾರೆ. ಅವರು ಕೊಂಡದ್ದು ಗೊಂಬೆಯನ್ನಲ್ಲ, ಮನಸ್ಸಿನ ಸಮಾಧಾನವನ್ನು. ಅದು ಒಮ್ಮೆ ಸಿಕ್ಕಿದರೆ ಸಾಕು. ಗೊಂಬೆಗಾಗಿಯೇ ಬಂದವರು ಬಣ್ಣವನ್ನು ಉಗುರಿನಿಂದ ಕೆರೆಯುತ್ತಾರೆ, ಗರುಡನ ರೆಕ್ಕೆ ಅಲುಗಾಡುತ್ತದೆಯೇ ಎಂದು ಹಿಡಿದು ನೋಡುತ್ತಾರೆ, ಬೆಲೆಗೆ ಜಗಳವಾಡುತ್ತಾರೆ. ಮರುವರ್ಷ ಹುಡುಕಿಕೊಂಡು ಬರುವವರೂ ಇವರೇ.

ನಮ್ಮೊಡನೆ ಕಿವಿ ಕೇಳದ ಕಲಾವಿದರೊಬ್ಬರಿದ್ದಾರೆ. ಸೆಣಬಿನ ಪುಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಕಲಸಿ, ಗೊಂಬೆಯ ಭಾಗಗಳನ್ನು ಜೋಡಿಸಲು ಬಳಸುವ ಕಿಟ್ಟದ ಹದ ಅವರಿಗೆ ಚೆನ್ನಾಗಿ ಗೊತ್ತು. ಆದರೂ ಒಂದು ಮಳೆಗಾಲ ಅದು ಸರಿಯಾಗಿ ಒಣಗದೆ ಒಂದು ಗೌರಿ ಗೊಂಬೆಯ ಕೈ ಸಡಿಲವಾಯಿತು. ಕೊಂಡಿದ್ದ ಮಹಿಳೆ ವರ್ಷವಿಡೀ ಸುಮ್ಮನಿದ್ದರು. ಬೇರೆ ಮಾತಿನ ನಡುವೆ ವಿಷಯ ಹೊರಬಂದಾಗ, “ಪಾಪ, ಅವರಿಗೆ ಹೇಗೆ ಹೇಳುವುದು?” ಎಂದರು. ಕಲಾವಿದರಿಗೆ ತಿಳಿಸಿದೆ. ಅವರು ಚೀಟಿಯಲ್ಲಿ ಬರೆದರು: ‘ಆ ತಿಂಗಳು ಇಪ್ಪತ್ತು ಗೊಂಬೆ ಮಾಡಿದ್ದೆ. ಎಲ್ಲವೂ ಹಾಗೆಯೇ ಆಗಿರಬಹುದು. ಆಗಲೇ ಏಕೆ ಹೇಳಲಿಲ್ಲ?’ ನನ್ನಲ್ಲಿ ಉತ್ತರವಿರಲಿಲ್ಲ.

ಎಲ್ಲ ಕಲೆಗೂ ಇದೇ ನಿಯಮ ಎನ್ನಲಾರೆ. ಬಾಯಲ್ಲಿ ಕುಂಚ ಹಿಡಿದು ಬರೆದ ಚಿತ್ರವಾದರೆ, ಬರೆದ ಬಗೆಯೂ ಕೊಳ್ಳುವವರನ್ನು ಸೆಳೆಯುತ್ತದೆ, ಅದರಲ್ಲಿ ತಪ್ಪಿಲ್ಲ. ಹೇಳಬೇಕೋ ಬೇಡವೋ ಎಂಬುದನ್ನು ಕಲಾವಿದರೇ ನಿರ್ಧರಿಸಲಿ. ತಾವೇ ಹಾಗೆ ಚಿತ್ರ ಬರೆಯುತ್ತಿದ್ದ ಜರ್ಮನಿಯ ಎರಿಕ್ ಸ್ಟೆಗ್‌ಮನ್ 1950ರ ದಶಕದಲ್ಲಿ ಕಟ್ಟಿದ ಬಾಯಿ ಮತ್ತು ಕಾಲಿನ ಚಿತ್ರಕಾರರ ಸಂಘವು ಬರೆದ ಬಗೆಯನ್ನು ಮುಚ್ಚಿಡುವುದಿಲ್ಲ, ದಾನವನ್ನೂ ಬಯಸುವುದಿಲ್ಲ.

ಈ ಜಾತ್ರೆಗೆ ನಮ್ಮ ಪ್ರತಿ ಗೊಂಬೆಗೂ ಒಂದು ಚೀಟಿ ಇರುತ್ತದೆ. ಮುಂದೆ ಮಾಡಿದವರ ಹೆಸರು, ಬೆಲೆ. ಹಿಂದೆ: ‘ಕೀಲು ಸಡಿಲವಾದರೆ ತಂದುಕೊಡಿ, ಸರಿಮಾಡಿ ಕೊಡುತ್ತೇನೆ.’ ಆ ಸಾಲನ್ನು ಆ ಗೌರಿ ಗೊಂಬೆ ಮಾಡಿದವರೇ ತಮ್ಮ ಕೈಯಾರೆ ಬರೆದುಕೊಟ್ಟಿದ್ದಾರೆ.