ಮೊಟ್ಟೆಯಲ್ಲೇ ಮುಗಿದರೆ ಮೀನು ಮರಳುವುದು ಹೇಗೆ?

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಬಲೆ ನಿಂತರೆ ಮೀನು ತಾನಾಗಿಯೇ ಹೆಚ್ಚುತ್ತದೆ ಅನ್ನುವುದು ಎಲ್ಲರ ನಂಬಿಕೆ. ಬಹುಮಟ್ಟಿಗೆ ನಿಜವೇ. ಆದರೆ ಸಂತತಿ ತೀರಾ ಕುಸಿದ ಮೇಲೆ ಬಲೆ ನಿಲ್ಲಿಸುವುದೊಂದೇ ಸಾಲದು. ಅಮೆರಿಕದ ಮ್ಯಾಸಚೂಸೆಟ್ಸ್ ಆಚೆಯ ಕಡಲಲ್ಲಿ, ಜಾರ್ಜಸ್ ಬ್ಯಾಂಕ್ ಅನ್ನುವ ನೀರಡಿಯ ದಿಬ್ಬದಲ್ಲಿ ಆದದ್ದು ಇದೇ.

ಅಲ್ಲಿನ ಹೆರಿಂಗ್ ನಮ್ಮ ಬೂತಾಯಿಯ ಬಳಗದ ಮೀನು. 1960ರ ದಶಕದಲ್ಲಿ ದೂರದೇಶದ ದೊಡ್ಡ ಹಡಗುಗಳು ಅದನ್ನು ಬಾಚಿಕೊಂಡು ಹೋದವು. 1970ರ ದಶಕ ಮುಗಿಯುವ ಹೊತ್ತಿಗೆ ಹೆರಿಂಗ್ ಹೆಚ್ಚುಕಮ್ಮಿ ಇಲ್ಲವಾಗಿತ್ತು. ದಡದಿಂದ 200 ಮೈಲಿವರೆಗಿನ ಮೀನಿನ ಮೇಲೆ ಆಯಾ ದೇಶಕ್ಕೇ ಹಕ್ಕು ಅನ್ನುವ ಗಡಿ ಜಾರಿಯಾಗಿ ವಿದೇಶಿ ಹಡಗುಗಳು ಹೊರಟುಹೋದರೂ ಮೀನು ಕೂಡಲೇ ಮರಳಲಿಲ್ಲ.

ಯಾಕೆಂದರೆ ಹೆರಿಂಗ್ ಮೊಟ್ಟೆ ನೀರಲ್ಲಿ ತೇಲುವುದಿಲ್ಲ. ತಾಯಿಮೀನುಗಳು ಹಿಂಡುಗಟ್ಟಿ ಬಂದು, ತಳದ ಜಲ್ಲಿಕಲ್ಲಿನ ಮೇಲೆ ಮೊಟ್ಟೆ ಇಡುತ್ತವೆ. ಒಂದು ಮಿಲಿಮೀಟರಿಗಿಂತ ತುಸು ದಪ್ಪದ ಅಂಟು ಮೊಟ್ಟೆಗಳು ಕಲ್ಲಿಗೂ ಒಂದಕ್ಕೊಂದಕ್ಕೂ ಅಂಟಿ ಪದರ ಪದರವಾಗಿ ಕೂರುತ್ತವೆ. ಮರಿಯಾಗುವವರೆಗೆ ಅಲ್ಲಿಂದ ಕದಲುವಂತಿಲ್ಲ. ತಳದಲ್ಲೇ ಮೇಯುವ ಹ್ಯಾಡಕ್ ಮೀನಿಗೆ ಇದು ಹಬ್ಬದೂಟ. ಆ ದಿನಗಳಲ್ಲಿ ಸಿಕ್ಕ ಹ್ಯಾಡಕ್‌ನ ಹೊಟ್ಟೆ ಸೀಳಿದರೆ ಬರೀ ಮೊಟ್ಟೆ, ಬಿಗಿಯಾಗಿ ತುಂಬಿರುತ್ತದೆ.

ಮೊಟ್ಟೆ ತಿನ್ನುವುದು ಹೊಸದೇನಲ್ಲ, ಅಲ್ವಾ? ಇಲ್ಲಿ ಮುಖ್ಯವಾದದ್ದು ಪಾಲಿನ ಲೆಕ್ಕ. ಊರೆಲ್ಲ ಒಟ್ಟಿಗೆ ರಾಗಿ ಬೆಳೆದರೆ ಹಕ್ಕಿ ತಿಂದದ್ದು ಗೊತ್ತೇ ಆಗುವುದಿಲ್ಲ. ಒಂದೇ ಹೊಲದಲ್ಲಿ ತೆನೆ ಬಂದರೆ ರೈತನಿಗೆ ಏನೂ ಉಳಿಯುವುದಿಲ್ಲ. ಹೆರಿಂಗ್ ಹೇರಳವಾಗಿದ್ದಾಗ ಹ್ಯಾಡಕ್ ಹೊಟ್ಟೆ ತುಂಬಿಯೂ ಮೊಟ್ಟೆ ಮಿಗುತ್ತದೆ. ಹೆರಿಂಗ್ ಕಡಿಮೆಯಾದಾಗ ಅಷ್ಟೇ ಹ್ಯಾಡಕ್ ಹೆಚ್ಚೂಕಡಿಮೆ ಎಲ್ಲವನ್ನೂ ಮುಗಿಸುತ್ತದೆ. ಕುಸಿದ ಸಂತತಿ ಹೀಗೆ ಕುಸಿದಲ್ಲೇ ಸಿಕ್ಕಿಕೊಳ್ಳುತ್ತದೆ.

1980ರ ದಶಕದಲ್ಲಿ ಹ್ಯಾಡಕ್ ಇಳಿಯಿತು, ಹೆರಿಂಗ್ ಏರತೊಡಗಿತು. 2003ರಲ್ಲಿ ಹ್ಯಾಡಕ್ ಮರಿಗಳು ಹಿಂದೆಂದೂ ಕಾಣದಷ್ಟು ಹುಟ್ಟಿದವು. ಅವು ಬೆಳೆದಂತೆ ಹೆರಿಂಗ್ ಮರಿಗಳ ಸಂಖ್ಯೆ ಬಿತ್ತು. ಅಮೆರಿಕದ ವಿಜ್ಞಾನಿಗಳು ಈ ನಂಟನ್ನು 2011ರಲ್ಲಿ ಪ್ರಕಟಿಸಿದರು.

ಇದರಲ್ಲಿ ಹ್ಯಾಡಕ್‌ನ ತಪ್ಪೇನಿಲ್ಲ. ಅದೂ ಅತಿಯಾದ ಮೀನುಗಾರಿಕೆಯಿಂದ ಸೊರಗಿ ಚೇತರಿಸಿಕೊಂಡ ಮೀನು. ನನ್ನ ತಕರಾರು ನಮ್ಮ ಲೆಕ್ಕಾಚಾರದ ಬಗ್ಗೆ. ಎಷ್ಟು ಹಿಡಿಯಬಹುದೆಂದು ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಬೆಳೆದ ಮೀನಿನ ಸಾವನ್ನಷ್ಟೇ ಎಣಿಸುತ್ತೇವೆ, ಅದೂ ವರ್ಷ ವರ್ಷ ಒಂದೇ ದರದಲ್ಲಿ. ತಳದಲ್ಲಿ ತಿಂದುಹೋದ ಮೊಟ್ಟೆ ಅದರೊಳಗೆ ಬರುವುದೇ ಇಲ್ಲ. ಹ್ಯಾಡಕ್ ಜಾಸ್ತಿ ಇರುವ ವರ್ಷಗಳಲ್ಲಿ ಹೆರಿಂಗ್ ಕೋಟಾ ಮೊದಲೇ ಇಳಿಸಬೇಕು, ಸಂತತಿ ಇನ್ನೂ ದಂಡಿಯಾಗಿರುವಾಗಲೇ.